ಗೇಟಿನ ಹೊರಗಿನ ಆಂಟಿ

ಶೆಟ್ಟಿಹಳ್ಳಿ
೨೧ ಜೂನ್ ೨೦೨೫, ಶನಿವಾರ

ನನ್ನ ಹೆಸರು ಹಾಕಿಕೊಂಡು, ನನ್ನ ಗಂಡನ ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ಮಗಳಿಗೆ ದೊಡ್ಡ ಸ್ಕೂಲಿನಲ್ಲಿ ಸೀಟು ಕೊಡಿಸಿದ ತಂಗಿ ದಿವ್ಯಳಿಗೆ, ಅಸಲಿ ರಾಧಾಮಣಿಯ ಆಶೀರ್ವಾದಗಳು.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನಿನಲ್ಲಿ ನಿನ್ನನ್ನು ಬಯ್ಯುವುದು ನನ್ನ ಕೈಲಾಗದ ಕೆಲಸ. ನಾನು ಎರಡು ಮಾತು ಆಡುವುದರೊಳಗೆ ನೀನು ಕಾಮ್ ಡೌನ್ ಎನ್ನುತ್ತೀಯ, ಮೂರನೇ ಮಾತಿಗೆ ನಿನಗೆ ಮೀಟಿಂಗ್ ಬಂದುಬಿಡುತ್ತದೆ. ಮಂಗಳವಾರ ನಾನು ಅತ್ತುಕೊಂಡು ಕಳಿಸಿದ ವಾಯ್ಸ್ ಮೆಸೇಜಿಗೆ ನೀನು ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾದೆ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ. ಕೂತು ಪೂರ್ತಿ ಓದು.

ನಿನ್ನೆ ಸಂಜೆ ಮಾಕಳಿಯಿಂದ ಅಮ್ಮ ಫೋನ್ ಮಾಡಿದ್ದಳು. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ನಾನು ಶಿವಾನಿಯನ್ನು ಸ್ಕೂಲು ಬಿಡಿಸಿದೆನಂತೆ. "ಅವ್ಳು ಓದವ್ಳೆ, ನೀನು ಓದಿಲ್ಲ, ಅದ್ಕೆ ಇಂಗೆ ಮಗೀನ ಬಾಳು ಆಳ್ಮಾಡ್ಬೌದಾ" ಎಂದಳು. ಅಮ್ಮನಿಗೆ ಆ ಮಾತು ತಾನಾಗಿ ಹೊಳೆಯುವುದಲ್ಲ ದಿವ್ಯ, ಯಾರೋ ಕಿವಿಗೆ ಹಾಕಿದ್ದಾರೆ. ನೀನೋ ನಿನ್ನ ಭಾವನೋ ನನಗೆ ಗೊತ್ತಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ, ನಿಮ್ಮಗಳ ಬಾಯಲ್ಲಿ ಈ ಕಥೆ ಆಗಲೇ ಬೇರೆಯಾಗಿ ಹೋಗಿದೆ.

ಹೋದ ವರ್ಷ ಪೂರ್ತಿ ಶಿವಾನಿಯನ್ನು ಬಾಗಲಗುಂಟೆಯ ಕೋಚಿಂಗಿಗೆ ಕರೆದುಕೊಂಡು ಹೋದವಳು ಯಾರು? ಯಲಹಂಕದ ಆ ದೊಡ್ಡ ಸ್ಕೂಲಿನ ಒಂದನೇ ಕ್ಲಾಸಿಗೆ ಸೇರಲು ಆರು ವರ್ಷದ ಮಗುವಿಗೆ ಕೋಚಿಂಗು. ಅದನ್ನು ಟೆಸ್ಟ್ ಎನ್ನಬಾರದಂತೆ, ಇಂಟರಾಕ್ಷನ್ ಎನ್ನಬೇಕಂತೆ. ಮಕ್ಕಳು ಒಳಗೆ ಶೇಪು, ಆಪೊಸಿಟ್ಟು, ಮೈ ಫ್ಯಾಮಿಲಿ ಎಂದು ಉರು ಹೊಡೆಯುತ್ತಿದ್ದರೆ ತಾಯಂದಿರು ನಾವೆಲ್ಲ ಮೆಟ್ಟಿಲ ಮೇಲೆ ಕಾಯುತ್ತಿದ್ದೆವು. ನನ್ನ ಪಕ್ಕ ತಸ್ನೀಮ್ ಕೂರುತ್ತಿದ್ದಳು, ಅವಳ ಮಗ ಆತಿಫ್ ಶಿವಾನಿಯ ಜೋಡಿ. ಒಳಗಿನ ಪಾಠ ಹೊರಗೆ ಕೇಳುತ್ತಿತ್ತು, ಮಕ್ಕಳಿಗಿಂತ ಮೊದಲು ನಮಗಿಬ್ಬರಿಗೇ ಬಾಯಿಗೆ ಬರುತ್ತಿತ್ತು.

ತಂದೆತಾಯಿಗೂ ಇಂಟರ್ವ್ಯೂ ಇದೆ ಎಂದು ತಿಳಿದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಮಾಕಳಿಯ ಸರ್ಕಾರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವಳು ನಾನು, ನಾಚಿಕೆಯೇನಿಲ್ಲ. ಒಲೆಯ ಪಕ್ಕ ಫೋನ್ ನಿಲ್ಲಿಸಿಕೊಂಡು, ಒಂದು ಕೈಯಲ್ಲಿ ಮುದ್ದೆ ತಿರುವುತ್ತಾ, ಇಂಗ್ಲಿಷ್ ಕಲಿತೆ. ನಿಮ್ಮ ಮಗುವಿನ ಶಕ್ತಿ ಏನು, ಅವಳು ಹಟ ಮಾಡಿದರೆ ನೀವು ಏನು ಮಾಡುತ್ತೀರಿ, ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡೆ. ಬಚ್ಚಲ ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳುತ್ತಿದ್ದೆ. ಒಂದು ದಿನ ನಿನ್ನ ಭಾವ ಬಾಗಿಲಾಚೆ ನಿಂತು ಕೇಳಿಸಿಕೊಂಡು ನಕ್ಕರು.

ಡಿಸೆಂಬರಿನಲ್ಲಿ ಕೋಚಿಂಗ್ ಮಿಸ್ ನನ್ನನ್ನೂ ನಿನ್ನ ಭಾವನನ್ನೂ ಕೂರಿಸಿಕೊಂಡು ಸುಳ್ಳು ಇಂಟರ್ವ್ಯೂ ಮಾಡಿದರು. ಐದು ಪ್ರಶ್ನೆಯಲ್ಲಿ ನಾನು ಒಂದಕ್ಕೆ ತಡವರಿಸಿದೆ. ಅಶ್ವತ್ಥ್ ಮೂರಕ್ಕೆ ತಡವರಿಸಿದರು, ಅದು ಲೆಕ್ಕಕ್ಕೆ ಬರಲಿಲ್ಲ, ಅವರು ಬಿಲ್ಡರ್ ತಾನೇ. ಮಿಸ್ ನನ್ನ ಮುಖವನ್ನೂ ನೋಡದೆ ಅವರಿಗೆ ಹೇಳಿದರು, ಮಗು ಪಕ್ಕಾ ಸರ್, ಮೇಡಂದೇ ಸ್ವಲ್ಪ ಡೌಟು, ಕೆಲವರು ಏನೇನೋ ಅರೇಂಜ್ ಮಾಡ್ಕೊಳ್ತಾರೆ ಎಂದು. ಆ ಅರೇಂಜ್ ಏನು ಎಂದು ಮನೆ ತಲುಪುವ ಮುಂಚೆಯೇ ಕಾರಿನಲ್ಲಿ ತೀರ್ಮಾನವಾಯಿತು. ದಿವ್ಯ ಇದ್ದಾಳಲ್ಲ, ಎಂಬಿಎ ಮಾಡಿದ್ದಾಳೆ, ಮುಖದಲ್ಲೂ ನಿನ್ನ ಹೋಲಿಕೆ ಇದೆ ಎಂದರು.

ಆ ಭಾನುವಾರ ಮಾಕಳಿಯಲ್ಲಿ ಅಮ್ಮನ ಮನೆಯ ಹಾಲ್‌ನಲ್ಲಿ ನೀವೆಲ್ಲ ಕೂತು ನನ್ನನ್ನು ನನ್ನ ಮಗಳ ತಾಯಿಯ ಕೆಲಸದಿಂದ ತೆಗೆದಿರಿ. ನಾನು ಬೇಡ ಎಂದೆ, ನೆನಪಿದೆಯಾ? ಮೂರು ಸಲ ಬೇಡ ಎಂದೆ. ಊರಿನಲ್ಲಿ ಹೊಲ ಮಾರಿ ಲೇಔಟ್ ಮಾಡಿದವರ ಮೊಮ್ಮಕ್ಕಳೆಲ್ಲ ಆ ಸ್ಕೂಲಿಗೇ ಹೋಗುತ್ತಾರೆ, ನಮ್ಮಪ್ಪ ದೊಡ್ಡಮುನಿಯಪ್ಪನವರ ಮೊಮ್ಮಗಳು ಹೋಗದಿದ್ದರೆ ಮರ್ಯಾದೆ ಏನಾಗಬೇಕು ಎಂದು ನಿನ್ನ ಭಾವ ಕೇಳಿದರು. ನೀನು ಕಾಲ ಮೇಲೆ ಕಾಲು ಹಾಕಿಕೊಂಡು, "ಅರ್ಧ ಗಂಟೆ ಕೆಲ್ಸ ಕಣೇ ಅಕ್ಕ, ಒಂದ್ ಪ್ರೆಸೆಂಟೇಷನ್ ಥರ ಮುಗಿಸ್ಬಿಡ್ತೀನಿ" ಎಂದೆ. ಎಲ್ಲರೂ ನಕ್ಕಿರಿ. ಅರ್ಜಿಗೆ ನಿನ್ನ ಫೋಟೋ ಅಂಟಿತು, ಕೆಳಗೆ ನನ್ನ ಹೆಸರು, ಅದರ ಪಕ್ಕ ನಿನ್ನ ಫೋನ್ ನಂಬರು.

ಆಮೇಲೆ ಶಿವಾನಿಗೆ ಪಾಠ ಶುರುವಾಯಿತು. ಆ ಗೇಟಿನ ಒಳಗೆ ಚಿಕ್ಕಿ ಮಮ್ಮಿ, ಅಮ್ಮ ಆಂಟಿ. ಆ ಪಾಠ ಹೇಳಿಕೊಡುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದಿರಿ, ಮನೆಯಲ್ಲಿ ಇರುವವಳು ನಾನೇ ಎಂದು. ಎಂಥ ಜನರಪ್ಪಾ ನೀವು! ಸರಿಯಾಗಿ ಆಂಟಿ ಎಂದರೆ ಒಂದು ಚಾಕೊಲೇಟು. ಮೊದಲು ಅವಳಿಗೆ ಅದು ಆಟವಾಗಿತ್ತು, ಕಿಲಕಿಲ ನಗುತ್ತಿದ್ದಳು. ಆಮೇಲೆ ತಪ್ಪಿದಾಗಲೆಲ್ಲ ಅಪ್ಪನ ಮುಖ ಸಪ್ಪೆಯಾಗುವುದನ್ನು ನೋಡಿ ಅಳತೊಡಗಿದಳು. ಒಂದು ದಿನ ತಪ್ಪಿಲ್ಲದೆ ಹೇಳಿದಳು. ವಿಡಿಯೋ ಕಾಲ್‌ನಲ್ಲಿ ನೀನು ಚಪ್ಪಾಳೆ ತಟ್ಟಿದೆ.

ಇಂಟರ್ವ್ಯೂ ಮುಗಿಸಿ ನೀವು ಬಂದ ದಿನದ ಊಟ ನನಗೆ ಇನ್ನೂ ಗಂಟಲಲ್ಲಿ ಇಳಿದಿಲ್ಲ. ಮಮ್ಮಿ ನಿನಗೆ ಏನು ಮಾಡಿಕೊಡುತ್ತಾರೆ ಎಂದು ಸ್ಕೂಲಿನವರು ಕೇಳಿದರಂತೆ. ಶಿವಾನಿ ಮುದ್ದೆ, ಸೊಪ್ಪಿನ ಸಾರು, ಬಿಸಿ ಇದ್ದರೆ ಊದಿ ಊದಿ ಕೊಡುತ್ತಾಳೆ, ರಾತ್ರಿ ಕಾಲು ಒತ್ತುತ್ತಾಳೆ ಎಂದಳಂತೆ. ಮುದ್ದೆಯ ಮುಖ ನೋಡದ ನೀನು, ನಮ್ಮ ಮನೆಯಲ್ಲಿ ಮಿಲೆಟ್ಸ್‌ಗೇ ಆದ್ಯತೆ ಎಂದು ಇಂಗ್ಲಿಷಿನಲ್ಲಿ ಹೇಳಿ ಅವರನ್ನು ಮೆಚ್ಚಿಸಿದೆ. ಅದನ್ನು ಜೋಕಿನ ಹಾಗೆ ಹೇಳಿದೆ, ನಿನ್ನ ಭಾವ ಕೆಮ್ಮು ಬರುವವರೆಗೂ ನಕ್ಕರು. ನಾನು ನಿನ್ನ ತಟ್ಟೆಗೆ ಅನ್ನ ಬಡಿಸುತ್ತಿದ್ದೆ. ಆ ಮಗು ಹೇಳಿದ್ದು ನನ್ನ ವಿಷಯ, ಮಾರ್ಕ್ಸ್ ಬಿದ್ದದ್ದು ನಿನಗೆ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಮುಗಿಯುವುದಿಲ್ಲ ಎಂದು ನಿಮಗೆ ಯಾರಿಗೂ ಹೊಳೆಯಲೇ ಇಲ್ಲವಾ? ಅಷ್ಟು ಓದಿದವಳು ನೀನು, ಇಡೀ ಆಫೀಸಿನ ಜನರನ್ನು ನೇಮಿಸುವವಳು, ಸ್ಕೂಲು ಎಂದರೆ ಅರ್ಧ ಗಂಟೆ ಅಲ್ಲ, ಹತ್ತು ವರ್ಷ ಎಂದು ನಿನಗೆ ತೋಚಲಿಲ್ಲವಾ? ಜೂನ್ ಶುರುವಾಗುತ್ತಿದ್ದ ಹಾಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಕಾರ್ಡ್ ಕೊಟ್ಟರು. ತಂದೆಯ ಫೋಟೋ ನಿನ್ನ ಭಾವನದು, ತಾಯಿಯ ಫೋಟೋ ನಿನ್ನದು. ವ್ಯಾನ್ ಇದೆಯಲ್ಲ, ನೀನು ಹೋಗುವ ಪ್ರಮೇಯವೇ ಬರಲ್ಲ ಎಂದು ಅಶ್ವತ್ಥ್ ನನ್ನ ಬಾಯಿ ಮುಚ್ಚಿಸಿದರು.

ಈಗ ಮಂಗಳವಾರಕ್ಕೆ ಬರುತ್ತೇನೆ. ಮಗುವಿಗೆ ಜ್ವರ, ಬಂದು ಕರೆದುಕೊಂಡು ಹೋಗಿ ಎಂದು ಸ್ಕೂಲಿನವರು ಫೋನ್ ಮಾಡಿದ್ದು ತಾಯಿಗೆ, ಅಂದರೆ ನಿನಗೆ. ನೀನು ನಿನ್ನ ಭಾವನಿಗೆ ಮೆಸೇಜ್ ಹಾಕಿದೆ. ಅವರು ಸೈಟಿನಲ್ಲಿದ್ದವರು ನನಗೆ ಹೇಳಿದರು, ಅದೂ ಸುಮ್ಮನೆ ತಿಳಿಸಲಿಕ್ಕೆ, ದಿವ್ಯ ಮೀಟಿಂಗ್ ಮುಗಿಸಿ ಹೋಗುತ್ತಾಳೆ, ನೀನು ಗಂಜಿ ಮಾಡಿಡು ಎಂದು. ನನ್ನ ಮಗಳಿಗೆ ಜ್ವರ ಬಂದ ಸುದ್ದಿ ನನಗೆ ಮೂರನೆಯವಳಾಗಿ ಮುಟ್ಟಿತು. ಒಲೆ ಆರಿಸಿ, ಉಟ್ಟ ಸೀರೆಯಲ್ಲೇ ಆಟೋ ಹತ್ತಿದೆ.

ಯಲಹಂಕ ಸೇರಿ ಗೇಟಿನಲ್ಲಿ ಮಗುವಿನ ಹೆಸರು ಹೇಳಿದೆ. ಸೆಕ್ಯುರಿಟಿಯ ಭೀಮರಾಜ್ ಎನ್ನುವವನು ಮರ್ಯಾದೆಯಿಂದಲೇ ಕಂಪ್ಯೂಟರ್ ನೋಡಿದ. ಅದರಲ್ಲಿದ್ದ ನಿನ್ನ ಫೋಟೋ ತೋರಿಸಿ, ರಾಧಾಮಣಿ ಮೇಡಂ ಇವರು, ನೀವ್ಯಾರಮ್ಮ ಎಂದ. ನಾನೇ ರಾಧಾಮಣಿ ಎಂದೆ. ಫೋನಿನಲ್ಲಿದ್ದ ಆಧಾರ್ ತೋರಿಸಿದೆ. ಹೆಸರು ಅದೇ, ಮುಖ ಬೇರೆ. ಅವನ ಮುಖ ಬದಲಾಯಿತು. ಮಕ್ಕಳನ್ನು ಕದಿಯಲು ಬಂದವಳನ್ನು ನೋಡುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಿಕ್ಕ ಗೇಟನ್ನೂ ಹಾಕಿಕೊಂಡ. ಅವನ ತಪ್ಪಿಲ್ಲ. ಅವನೊಬ್ಬನೇ ಅವತ್ತು ತನ್ನ ಕೆಲಸ ಸರಿಯಾಗಿ ಮಾಡಿದವನು.

ನಾನು ಗೋಗರೆದದ್ದು ನೋಡಿ ಆಯಾ ಒಬ್ಬಳು ಶಿವಾನಿಯನ್ನು ಗೇಟಿನವರೆಗೆ ಕರೆತಂದಳು. ಮಗುವಿನ ಕೆನ್ನೆ ಕೆಂಪಗೆ, ಕಣ್ಣು ಅರ್ಧ ಮುಚ್ಚಿತ್ತು. ಇವರು ಯಾರು ಪುಟ್ಟಿ ಎಂದು ಕೇಳಿದಳು. ಶಿವಾನಿ ಕಂಬಿಯ ಸಂದಿಯಿಂದ ನನ್ನನ್ನು ನೋಡಿದಳು. "ಆಂಟಿ" ಎಂದಳು.

ಅಳಲಿಲ್ಲ ದಿವ್ಯ, ಕೈ ಚಾಚಲೂ ಇಲ್ಲ. ಸರಿಯಾಗಿ ಹೇಳಿದೆನಾ ಎನ್ನುವ ಹಾಗೆ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಯಾ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಮಲಗಿಸಿದಳು. ನಿನ್ನ ಭಾವನಿಗೆ ಫೋನ್ ಮಾಡಿದರೆ, ಮೊದಲು ಅಲ್ಲಿಂದ ಈಚೆ ಬಾ, ಸೀನ್ ಮಾಡಬೇಡ ಎಂದು ಇಟ್ಟರು. ನೀನು ಹೆಬ್ಬಾಳದಿಂದ ಬರುವವರೆಗೂ ನಾನು ಆ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದೆ, ನನ್ನ ಮಗು ಒಳಗೆ ಜ್ವರದಲ್ಲಿ ಬೇಯುತ್ತಿತ್ತು. ಕಂಬಿಯ ಸಂದಿಯಿಂದ ಅವಳ ಬೂಟು ಮಾತ್ರ ಕಾಣುತ್ತಿತ್ತು.

ನೀನು ಬಂದೆ. ನನ್ನನ್ನು ದಾಟಿಕೊಂಡು ಒಳಗೆ ಹೋದೆ, ಕಣ್ಣೆತ್ತಿ ಕೂಡ ನೋಡಲಿಲ್ಲ. ಪುಸ್ತಕದಲ್ಲಿ ನನ್ನ ಹೆಸರಿನ ಸಹಿ ಹಾಕಿದೆ, ಭೀಮರಾಜನಿಗೆ ಥ್ಯಾಂಕ್ಯೂ ಎಂದೆ, ಮಗುವನ್ನು ಎತ್ತಿಕೊಂಡು ಬಂದೆ. ರಸ್ತೆಯ ತಿರುವು ದಾಟಿದ ಮೇಲೆ ಕಾರು ನಿಲ್ಲಿಸಿ ನನ್ನನ್ನು ಹತ್ತಿಸಿಕೊಂಡೆ. ಹತ್ತುತ್ತಿದ್ದ ಹಾಗೆ ನೀನು ಕೇಳಿದ ಮೊದಲ ಮಾತು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. "ಅಕ್ಕ, ನಿನ್ನನ್ನ ಇಲ್ಲಿಗೆ ಬಾ ಅಂತ ಯಾರ್ ಹೇಳಿದ್ರು?"

ಯಾರು ಹೇಳಬೇಕಿತ್ತು ದಿವ್ಯ? ಒಂಬತ್ತು ತಿಂಗಳು ಹೊತ್ತವಳಿಗೆ ನಿನ್ನ ಮಗುವಿಗೆ ಜ್ವರ, ಹೋಗು ಎಂದು ಯಾರ ಅಪ್ಪಣೆ ಬೇಕಿತ್ತು? ನಿನ್ನದಾ? ಥೂ, ಅವತ್ತು ಕಾರಿನಲ್ಲಿ ನಿನ್ನ ಕೆನ್ನೆಗೆ ಎರಡು ಬಿಡದೇ ಇದ್ದದ್ದು ಮಗು ನನ್ನ ತೊಡೆಯ ಮೇಲೆ ಮಲಗಿತ್ತು ಎಂಬ ಒಂದೇ ಕಾರಣಕ್ಕೆ.

ಗುರುವಾರ ಜ್ವರ ಇಳಿದ ಮೇಲೆ ನಿನ್ನ ಭಾವನ ಹತ್ತಿರ ಕೂತು ನೇರವಾಗಿ ಕೇಳಿದೆ. ಪೇರೆಂಟ್ಸ್ ಮೀಟಿಂಗಿಗೆ ಯಾರು ಹೋಗುವುದು? ದಿವ್ಯ. ಆನ್ಯುವಲ್ ಡೇಗೆ? ದಿವ್ಯ, ನೀನು ಬೇಕಾದರೆ ಹಿಂದಿನ ಸಾಲಿನಲ್ಲಿ ಕೂರು. ನಾಳೆ ದಿವ್ಯಳಿಗೆ ಮದುವೆಯಾಗಿ ಬೇರೆ ಊರಿಗೆ ಹೋದರೆ? ಅದನ್ನು ಆಮೇಲೆ ನೋಡೋಣ ಎಂದರು. ಸ್ಕೂಲಿಗೆ ನಿಜ ಹೇಳಿದರೆ ಸೀಟು ಹೋಗುತ್ತದೆ, ಹೇಳದಿದ್ದರೆ ನಾನು ಹತ್ತು ವರ್ಷ ಆಂಟಿ. ಎರಡರಲ್ಲಿ ಒಂದು. ಅವರಿಗೆ ಅದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ.

ನಿನ್ನೆ ಬೆಳಿಗ್ಗೆ ಅವರು ಸೈಟಿಗೆ ಹೋದ ಮೇಲೆ ನಾನು ಶಿವಾನಿಯ ಕೈ ಹಿಡಿದು ಸ್ಕೂಲಿಗೆ ಹೋಗಿ, ಗೇಟಿನಲ್ಲಿ ಹಟ ಹಿಡಿದು ಒಳಗೆ ನುಗ್ಗಿ, ಪ್ರಿನ್ಸಿಪಾಲರ ಮುಂದೆ ಕೂತೆ. ಎಲ್ಲ ಹೇಳಿದೆ, ಬಾಯಿಗೆ ಬಂದಷ್ಟು ಇಂಗ್ಲಿಷಿನಲ್ಲೂ ಮಿಕ್ಕಿದ್ದು ಕನ್ನಡದಲ್ಲೂ. ಬರ್ತ್ ಸರ್ಟಿಫಿಕೇಟ್ ಮತ್ತು ನಮ್ಮ ಮದುವೆಯ ಫೋಟೋ ತೋರಿಸಿದ ಮೇಲೆ ಅವರು ನಂಬಿದರು. ಬಯ್ಯುತ್ತಾರೆ, ಸೀಟು ಕಿತ್ತುಕೊಳ್ಳುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ದನಿಯನ್ನೇ ಏರಿಸಲಿಲ್ಲ. ಫೀಸು ಕಟ್ಟಿಯಾಗಿದೆ, ವರ್ಷ ಶುರುವಾಗಿದೆ, ಈಗ ಇದನ್ನು ದೊಡ್ಡದು ಮಾಡಿದರೆ ಸ್ಕೂಲಿನ ಹೆಸರೂ ಹಾಳು ಎಂದರು. ತಾಯಿಯ ಫೋಟೋ ಹಾಗೇ ಇರಲಿ, ಕರೆದುಕೊಂಡು ಹೋಗುವವರ ಪಟ್ಟಿಯಲ್ಲಿ ನಿಮ್ಮನ್ನೂ ಸೇರಿಸುತ್ತೇವೆ, ಆಂಟ್ ಎಂದು ಹಾಕೋಣವೇ ಎಂದು ಕೇಳಿದರು.

ಅಂದರೆ ಮಾಕಳಿಯ ಹಾಲ್‌ನಲ್ಲಿ ನೀವು ಮಾಡಿದ ತೀರ್ಮಾನಕ್ಕೆ ಅವರೂ ಒಂದು ಸೀಲು ಒತ್ತಲು ಸಿದ್ಧ. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಹಾಳೆ ಕೇಳಿ, ಕನ್ನಡದಲ್ಲಿ, ನನ್ನ ಮಗಳಿಗೆ ಟಿಸಿ ಕೊಡಿ ಎಂದು ಬರೆದು, ನನ್ನ ಹೆಸರನ್ನು ನನ್ನ ಕೈಯಲ್ಲೇ ಹಾಕಿ ಬಂದೆ. ಸೋಮವಾರದಿಂದ ಶಿವಾನಿ ಬಾಗಲಗುಂಟೆಯ ಶಾಲೆಗೆ ಹೋಗುತ್ತಾಳೆ. ಆತಿಫ್ ಅಲ್ಲಿಗೇ ಸೇರಿದ್ದಾನೆ. ತಸ್ನೀಮ್ ತನ್ನ ಅರೆಬರೆ ಇಂಗ್ಲಿಷಿನಲ್ಲಿ ತಾನೇ ಆ ದೊಡ್ಡ ಸ್ಕೂಲಿನ ಇಂಟರ್ವ್ಯೂಗೆ ಹೋಗಿ ಸೀಟು ಕಳೆದುಕೊಂಡವಳು, ಅವಳ ಮಗ ಅವಳನ್ನು ಎಲ್ಲರ ಮುಂದೆ ಅಮ್ಮೀ ಎಂದೇ ಕೂಗುತ್ತಾನೆ.

ನಿನ್ನ ಭಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ಹೊಟ್ಟೆಕಿಚ್ಚು ಎಂದು ನೀನೂ ಅಂದುಕೊಂಡಿದ್ದರೆ ಹೌದು ಅಂತಲೇ ಇಟ್ಟುಕೋ. ನಿನ್ನ ಓದು, ನಿನ್ನ ಕಾರು, ನಿನ್ನ ಇಂಗ್ಲಿಷ್ ಯಾವುದರ ಮೇಲೂ ನನಗೆ ಯಾವತ್ತೂ ಕಣ್ಣಿರಲಿಲ್ಲ, ನನ್ನ ತಂಗಿ ಎಂದು ಊರೆಲ್ಲ ಹೇಳಿಕೊಂಡು ಮೆರೆದವಳು ನಾನು. ಆ ಗೇಟಿನಲ್ಲಿ ನನ್ನ ಮಗು ನಿನ್ನ ಹೆಗಲ ಮೇಲೆ ತಲೆಯಿಟ್ಟುಕೊಂಡು ಬಂದಾಗ ಮಾತ್ರ ಉರಿಯಿತು. ನೀನು ಅವಳನ್ನು ಪ್ರೀತಿಸುತ್ತೀಯ, ಗೊತ್ತು. ಆದರೆ ಅವಳಿಗೋಸ್ಕರ ಮಾಡಿದೆ ಎಂದು ಇನ್ನೊಂದು ಸಲ ನನ್ನ ಮುಂದೆ ಹೇಳಬೇಡ. ಕೆಲವು ದಿನ ಈ ಕಡೆ ಬರಬೇಡ. ಬರುವ ದಿನ ಬಾಗಿಲಲ್ಲೇ ನಿಂತು ಅವಳಿಗೆ ನಾನು ನಿನ್ನ ಚಿಕ್ಕಿ, ಇವಳು ನಿನ್ನ ಅಮ್ಮ ಎಂದು ನಿನ್ನ ಬಾಯಿಂದಲೇ ಹೇಳು. ಆಮೇಲೆ ಒಳಗೆ ಬಾ, ಊಟ ಹಾಕುತ್ತೇನೆ.

ನಿನ್ನ ಅಕ್ಕ, ಶಿವಾನಿಯ ಅಮ್ಮ,
ರಾಧಾಮಣಿ

ತಾ.ಕ.: ಬರ್ತ್ ಸರ್ಟಿಫಿಕೇಟ್ ನೋಡಿ ಪ್ರಿನ್ಸಿಪಾಲರು ನಂಬಿದರು ಎಂದು ಬರೆದೆನಲ್ಲ, ಅದಕ್ಕೂ ಮೊದಲು ನಡೆದದ್ದನ್ನು ಬರೆಯಲು ಮನಸ್ಸು ಬಂದಿರಲಿಲ್ಲ. ಅವರು ಮೊದಲು ಕೇಳಿದ್ದು ಶಿವಾನಿಯನ್ನು, ಇವರು ಯಾರು ಎಂದು. ಈಗ ಹೇಳಬಹುದು ಪುಟ್ಟಿ, ಹೇಳು ಎಂದು ನಾನೂ ಅಂದೆ. ಅವಳು ಬಾಗಿಲ ಕಡೆ ನೋಡಿದಳು, ನನ್ನ ಸೆರಗು ಹಿಡಿದು ಬಗ್ಗಿಸಿ ಕಿವಿಯಲ್ಲಿ, "ಅಮ್ಮಾ, ಇಲ್ಲಿ ಅಮ್ಮ ಅನ್ಬಾರ್ದು, ಸೀಟ್ ಹೋಗುತ್ತೆ" ಎಂದಳು. ಆಮೇಲೆ ಅವರ ಕಡೆ ತಿರುಗಿ ಗಟ್ಟಿಯಾಗಿ ಆಂಟಿ ಎಂದಳು. ಸೀಟು ಹೋಗಿ ಒಂದು ದಿನವಾಯಿತು. ಇವತ್ತು ಮಧ್ಯಾಹ್ನ ಅಡುಗೆಮನೆಯಲ್ಲಿ ನೀರು ಬೇಕಾಗಿ ನನ್ನನ್ನು ಕರೆಯುವ ಮೊದಲು ಆ ಕಡೆ ಈ ಕಡೆ ನೋಡಿದಳು, ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಮೆಲ್ಲಗೆ ಅಮ್ಮ ಎಂದಳು. ಇದನ್ನು ಬಿಡಿಸುವ ಕೋಚಿಂಗ್ ಎಲ್ಲಾದರೂ ಇದ್ದರೆ ನಂಬರ್ ಕಳಿಸು.