ಎರಡನೆಯ ಬಾಟಲಿಯಲ್ಲೂ ಅದೇ

ಇಳಕಲ್, ೧೯ ಜೂನ್ ೨೦೦೯, ಶುಕ್ರವಾರ

ಯಮನೂರಪ್ಪನ ರಕ್ತಪರೀಕ್ಷೆಯ ರಿಪೋರ್ಟಿನ ಕೆಳಗಿನ ನನ್ನ ಸಹಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಮೂರು ವಾರದಿಂದ ಜ್ವರ ಬಿಡದ ನೇಕಾರ. ಅವನ ರಕ್ತದಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ‘ಸೂಜಿ ಚುಚ್ಚುವಾಗ ಚರ್ಮದಿಂದ ಸೇರಿದ್ದು, ಲೆಕ್ಕಕ್ಕಿಲ್ಲ’ ಎಂದು ಬರೆದವಳು ನಾನೇ. ಅವನ ರಕ್ತ ಹಾಕಿಟ್ಟ ಎರಡನೆಯ ಬಾಟಲಿಯಲ್ಲೂ ಅದೇ ಬೆಳೆದಾಗ ಮನಸ್ಸು ತಡೆಯಲಿಲ್ಲ. ಹೈದರಾಬಾದಿನಲ್ಲಿ ಸಂಶೋಧನೆ ಮಾಡುವ ಗೆಳತಿ ಸುಶ್ಮಿತಾಗೆ ಅದರ ಮಾದರಿ ಕಳಿಸಿದೆ. ಅವಳಲ್ಲಿರುವ ಮಾಸ್ ಸ್ಪೆಕ್ಟ್ರೋಮೀಟರ್ ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ತೂಗಿ ಹೆಸರು ಹೇಳುತ್ತದೆ.

ಇವತ್ತು ಅವಳ ಫೋನ್ ಬಂತು. ಬ್ಯಾಕ್ಟೀರಿಯಾದ ಹೆಸರು ಸ್ಟ್ಯಾಫಿಲೊಕಾಕಸ್ ಲುಗ್ಡುನೆನ್ಸಿಸ್! ಚರ್ಮದ ಮೇಲೆ ಸಾಧು, ಹೃದಯಕ್ಕೆ ಇಳಿದರೆ ಕವಾಟವನ್ನೇ ತಿನ್ನುತ್ತದೆ. ಆದರೂ ನನ್ನ ಪರೀಕ್ಷೆಯ ಪ್ಲೇಟಿನಲ್ಲಿ ಪೆನಿಸಿಲಿನ್ ಬಿಲ್ಲೆಯ ಸುತ್ತ ಅಗಲವಾಗಿ ಸತ್ತುಬಿದ್ದಿದೆ; ಅಂದರೆ ಆ ಔಷಧಿ ನಾಟುತ್ತದೆ. ಡಾಕ್ಟರು ಸಂಜೆಯೇ ಪೆನಿಸಿಲಿನ್ ಇಂಜೆಕ್ಷನ್ ಶುರು ಮಾಡಿದರು.

ಅವನ ಹೆಂಡತಿ ಲಕ್ಕವ್ವನಿಗೆ ನಾನೇ ಹೇಳಿದೆ: “ಮೊದಲ ನಾ ತಪ್ಪ ಬರದಿದ್ದೆ ರೀ.”

ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ, “ಎಳಿ ತಪ್ಪಿದ್ರ ನಾವೂ ಬಿಚ್ಚಿ ಮತ್ತ ನೇಯ್ತೇವಿ ಬಾಯಾರ. ಸೀರಿ ಇನ್ನೂ ಮಗ್ಗದಾಗ ಐತಲ್ಲ?” ಎಂದಳು.

ಐತಿ ಲಕ್ಕವ್ವ, ಇನ್ನೂ ಐತಿ.

ರಿಜಿಸ್ಟರಿನ ಹಳೆಯ ಸಾಲನ್ನು ಅಳಿಸಲಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ಹೆಸರು ಬರೆದು ಮತ್ತೆ ಸಹಿ ಮಾಡಿದೆ. ನಾಳೆ ಹಿಂದಿನ ಪುಟಗಳನ್ನೂ ತಿರುವಬೇಕು. ‘ಲೆಕ್ಕಕ್ಕಿಲ್ಲ’ ಎಂದು ಇನ್ನೆಷ್ಟು ಮಂದಿಗೆ ನಾನು ಬರೆದಿದ್ದೇನೋ.