ಜಾಲಂಬೆಸ್ಸಾದ ಸಂತೆಗೆ ಹೋದ ದಿನ

ಸೆನಾಫೆ
೨೧ ಅಕ್ಟೋಬರ್ ೨೦೧೮, ಭಾನುವಾರ

ಲುವಾಮಳ ಅಪ್ಪನಿಗೆ ಅಬ್ರೆಹೆತ್ ಬರೆಯುವುದು.

ಹೇಗಿದ್ದೀರಿ? ಇನ್ನು ಸ್ವಲ್ಪ ದಿನಕ್ಕೆ ಸ್ವೀಡನ್ನಿನಲ್ಲಿ ಮಧ್ಯಾಹ್ನವೇ ಕತ್ತಲಾಗಿಬಿಡುತ್ತದೆ ಎಂದು ಹಿಂದೊಮ್ಮೆ ಫೋನಿನಲ್ಲಿ ಹೇಳಿದ್ದಿರಿ. ಸೈನ್ಯದಲ್ಲಿ ಕಂದಕ ತೋಡುವಾಗ ಹಿಡಿದುಕೊಂಡ ಆ ಸೊಂಟ ಚಳಿಗೆ ಸುಮ್ಮನಿರುವುದಿಲ್ಲ, ಬೆಚ್ಚಗೆ ಏನಾದರೂ ಕಟ್ಟಿಕೊಳ್ಳಿ. ಅತ್ತೆ ಇದ್ದ ಹಾಗೇ ಇದ್ದಾರೆ. ಎಡಗಣ್ಣು ಪೂರ್ತಿ ಹೋಯಿತು, ಬಲಗಣ್ಣಿಗೆ ಬೆಳಕಷ್ಟೇ ತಿಳಿಯುತ್ತದೆ. ಕಾಲೂ ನಿಲ್ಲುವುದಿಲ್ಲ, ಎತ್ತಿ ಕೂರಿಸಬೇಕು. ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. ಮೊನ್ನೆ ಕಾಫಿಯ ಎರಡನೆಯ ಸುತ್ತಿನಲ್ಲಿ, “ನನ್ನ ಮಗ ಅಲ್ಲಿ ಮಂಜು ನೆಕ್ತಾನೆ, ನಾನಿಲ್ಲಿ ನಿನ್ನ ಕಾಫಿ ಕುಡೀತೀನಿ, ಇಬ್ಬರಿಗೂ ರುಚಿ ಇಲ್ಲ” ಅಂದರು. ಹಾಗಂತ ಮೂರನೆಯ ಸುತ್ತನ್ನು ಬಿಡಲಿಲ್ಲ ಅನ್ನಿ.

ಈ ಕಾಗದವನ್ನು ಇಲ್ಲಿಯ ಅಂಚೆಗೆ ಹಾಕುವುದಿಲ್ಲ. ಪಕ್ಕದ ಮನೆಯ ಹಿರಿತಿಯ ತಮ್ಮ ನಾಳೆ ಗಡಿ ದಾಟುತ್ತಾನೆ, ಆಚೆಯ ದೇಶದ ಮೆಕೆಲೆಯಲ್ಲಿ ಹಾಕುತ್ತಾನೆ. ಅದಕ್ಕೇ ಇಷ್ಟು ಬಿಚ್ಚಿ ಬರೆಯುತ್ತಿದ್ದೇನೆ. ಗಡಿ ತೆರೆದದ್ದು ನಿಮಗೂ ಗೊತ್ತಿರಬೇಕು. ಹೋದ ತಿಂಗಳು ನಮ್ಮ ಹೊಸ ವರ್ಷದ ದಿನ ಜಾಲಂಬೆಸ್ಸಾದಲ್ಲಿ ಎರಡೂ ದೇಶಗಳ ಸೈನಿಕರು ಕೈ ಕುಲುಕಿದರು. ಇಪ್ಪತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ಅಕ್ಕತಂಗಿಯರು ದಾರಿಯಲ್ಲೇ ಕುಳಿತು ಅತ್ತರು. ಮೊದಲ ವಾರ ಎಲ್ಲರೂ ಆಚೆಯ ಸಂತೆಗೆ ಓಡಿದರು. ತೆಫ್ ಕಾಳು ಅಲ್ಲಿ ಸೋವಿ, ಸಿಮೆಂಟು ಸೋವಿ, ಸಕ್ಕರೆಯೂ ಸೋವಿ. ಎರಡನೆಯ ವಾರಕ್ಕೆ ಹೋದವರಲ್ಲಿ ಅರ್ಧ ಜನ ತಿರುಗಿ ಬರಲಿಲ್ಲ. ಬಗಲಲ್ಲಿ ಖಾಲಿ ಚೀಲ ಮಡಚಿಕೊಂಡು ‘ಸಂತೆಗೆ’ ಅನ್ನುತ್ತಾರೆ, ಕೇಳಿದವರೂ ‘ಒಳ್ಳೇದಾಗಲಿ’ ಅನ್ನುತ್ತಾರೆ. ಸಂತೆಗೆ ಹೋಗುವವರಿಗೆ ಯಾರು ಹಾಗೆ ಹರಸುತ್ತಾರೆ ಹೇಳಿ?

ನಿಮ್ಮ ಕಾಲದಲ್ಲಿ ಓಡಿಹೋಗುತ್ತಿದ್ದವರು ಗಂಡಸರು. ಬೆಟ್ಟದ ಕತ್ತಲಲ್ಲಿ, ಗುಂಡಿನ ಭಯದಲ್ಲಿ ಹೋಗುತ್ತಿದ್ದರು. ಆಮೇಲೆ ಹುಡುಗರು, ಹುಡುಗರ ಹಿಂದೆ ಹುಡುಗಿಯರು. ಈಗ ಕಂಕುಳಲ್ಲಿ ಕೂಸು ಇಟ್ಟುಕೊಂಡ ತಾಯಂದಿರು ಹಾಡಹಗಲು ಬಸ್ಸು ಹತ್ತಿ ಹೋಗುತ್ತಿದ್ದಾರೆ. ಲುವಾಮಳ ತರಗತಿಯಲ್ಲಿ ಎರಡು ಬೆಂಚಿನಷ್ಟು ಮಕ್ಕಳು ಉಳಿದಿದ್ದರು. ಕೊನೆಗೆ ಒಂದು ದಿನ ಗಣಿತದ ಮೇಷ್ಟರೂ ಬರಲಿಲ್ಲ. ಉಳಿದ ಮಕ್ಕಳು ತಾವೇ ಹಾಜರಿ ಕೂಗಿಕೊಂಡು ಮನೆಗೆ ಬಂದರಂತೆ. ನಗುತ್ತಲೇ ಹೇಳಿದಳು, ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಅವಳಿಗೆ ಈಗ ಹದಿನಾರು. ಹನ್ನೆರಡನೆಯ ತರಗತಿ ಓದಬೇಕೆಂದರೆ ಬರುವ ವರ್ಷ ಸಾವಾ ಸೈನಿಕ ಶಿಬಿರಕ್ಕೇ ಹೋಗಬೇಕು. ಅಲ್ಲಿಂದ ಸೈನ್ಯ, ಸೈನ್ಯದಿಂದ ಬಿಡುಗಡೆ ಯಾವಾಗ ಎಂದು ನಿಮಗೆ ನಾನು ಹೇಳಬೇಕೆ? ನನ್ನ ತಂಗಿ ಅಲ್ಲಿಂದ ಹೇಗೆ ಬಂದಳೆಂದು ನಿಮಗೆ ಗೊತ್ತು. ಅವಳು ಇವತ್ತಿಗೂ ಗಂಡಸರಿರುವ ಕೋಣೆಯೊಳಗೆ ಕಾಲಿಡುವುದಿಲ್ಲ. ಮಗಳ ಮುಖ ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತಿತ್ತು.

ಅತ್ತೆಗೆ ಹೇಗೆ ತಿಳಿಯಿತೋ ಕಾಣೆ. ಕಣ್ಣಿಲ್ಲದವರಿಗೆ ಮನೆಯ ಮೌನ ಬೇಗ ಕೇಳಿಸುತ್ತದೆ. ಒಂದು ಬೆಳಿಗ್ಗೆ ನಾನು ಅವರ ತಲೆ ಬಾಚುತ್ತಿದ್ದಾಗ, “ಮಗಳನ್ನ ಕರಕೊಂಡು ನೀನೂ ಹೊರಟುಬಿಡು. ನನ್ನ ಬಾಯಿಗೆ ಎರಡು ತುತ್ತು ಹಾಕೋಕೆ ಈ ಊರಲ್ಲಿ ಒಂದು ಮುದುಕಿಯಾದ್ರೂ ಉಳಿದಿರುತ್ತೆ” ಅಂದರು. ನಾನು ಹೂಂ ಅಂದೆ. ಲುವಾಮಳಿಗೂ ಇಬ್ಬರೂ ಹೋಗೋಣ ಎಂದೇ ಹೇಳಿದೆ. ಇಬ್ಬರ ಬಟ್ಟೆಯನ್ನೂ ಚೀಲಕ್ಕೆ ತುಂಬಿದೆ.

ಹಿರಿತಿ ತನ್ನ ಎರಡು ಮಕ್ಕಳೊಂದಿಗೆ ಹೊರಟಿದ್ದಳು, ಅವಳ ಜೊತೆ ಬುಧವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಗಡಿಯಲ್ಲಿ ಯಾರೂ ತಡೆಯಲಿಲ್ಲ. ಒಬ್ಬ ಸೈನಿಕ, ಮೀಸೆ ಕೂಡ ಬಂದಿರಲಿಲ್ಲ, ನಮ್ಮ ಚೀಲ ನೋಡಿ, “ದೊಡ್ಡ ಸಂತೆ ಮಾಡೋ ಹಾಗಿದೆ ಅಮ್ಮ” ಅಂದ. ಆಚೆ ಬದಿಯಲ್ಲಿ ನೋಂದಣಿ ಮಾಡಿಸಿಕೊಂಡವರನ್ನು ನಿರಾಶ್ರಿತರ ಶಿಬಿರಕ್ಕೆ ಒಯ್ಯುವ ಬಸ್ಸು ನಿಂತಿತ್ತು. ಹಿರಿತಿ ಹತ್ತಿದಳು, ಮಕ್ಕಳು ಹತ್ತಿದರು, ಲುವಾಮ್ ಹತ್ತಿ ನನ್ನ ಕಡೆ ಕೈ ಚಾಚಿದಳು. ನಾನು ಅವಳ ಚೀಲ ಮೇಲೆ ಕೊಟ್ಟು, ನನ್ನ ಬಟ್ಟೆಯ ಗಂಟನ್ನು ಕೆಳಗೇ ಇಟ್ಟುಕೊಂಡೆ. ಅಜ್ಜಿಯನ್ನು ಹೀಗೆ ಬಿಟ್ಟು ಬರಲಾರೆ, ಹಿಂದಿನಿಂದ ಬರುತ್ತೇನೆ ಅಂದೆ. ಅವಳು ಅಳಲಿಲ್ಲ.

“ನೀನು ಬರಲ್ಲ ಅಂತ ಗೊತ್ತಿದ್ರೆ ನಾನು ಮನೇಲೇ ಇರ್ತಿದ್ದೆ” ಅಂದಳು.

“ಅದಕ್ಕೇ ಹೇಳಲಿಲ್ಲ” ಅಂದೆ.

ಬಸ್ಸು ತಿರುಗುವ ತನಕ ಕಿಟಕಿಯಲ್ಲಿ ಮುಖ ತೋರಿಸಲಿಲ್ಲ. ಸಿಟ್ಟು ಬಂದರೆ ಅವಳು ನಿಮ್ಮ ಹಾಗೇ. ಆಮೇಲೆ ನಾನು ಸಂತೆಗೆ ಹೋಗಿ ತೆಫ್ ಕಾಳು ಕೊಂಡೆ. ಯಾಕೆ ಕೊಂಡೆನೋ ಗೊತ್ತಿಲ್ಲ, ಕೈಗೆ ಏನಾದರೂ ಭಾರ ಬೇಕಿತ್ತು.

ಬಾಗಿಲಲ್ಲಿ ಒಬ್ಬಳದೇ ಹೆಜ್ಜೆ ಕೇಳಿ ಅತ್ತೆ, “ನೀನ್ಯಾಕೆ ಬಂದೆ, ಪೆದ್ದಿ” ಅಂದರು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. ನಿನ್ನೆ ಹಿಟ್ಟು ಕಲಸಿ ಇಂಜೆರಾ ಹುಯ್ದೆ. ಮೂವರಿಗಾಗುವಷ್ಟು ಮಾಡಿಬಿಟ್ಟಿದ್ದೆ.

ಅತ್ತೆ ನಿಮ್ಮ ಹಣೆಗೆ ಮುತ್ತು ಕಳಿಸಿದ್ದಾರೆ. ಸಂತ ಮರಿಯಮ್ಮ ನಿಮ್ಮನ್ನು ಕಾಯಲಿ, ನಿಮ್ಮ ಮೇಲೆ ನೆರಳಾಗಿರಲಿ.

ನಿಮ್ಮ ಅಬ್ರೆಹೆತ್

ಮರೆತ ಮಾತು: ಹಿರಿತಿಯ ತಮ್ಮ ಕಾಗದ ಇಸಿದುಕೊಳ್ಳಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಲುವಾಮ್ ಶಿಬಿರದಿಂದ ನಿಮಗೆ ಫೋನು ಮಾಡುತ್ತಾಳೆ. ಅವಳನ್ನು ಕರೆಸಿಕೊಳ್ಳಲು ಕೂಡಲೇ ಅರ್ಜಿ ಹಾಕಿ, ತಡವಾದರೆ ಉಳಿದವರ ಹಾಗೆ ಮರಳುಗಾಡು, ಸಮುದ್ರ ಅಂತ ಹೊರಟುಬಿಡುತ್ತಾಳೆ. ಅಲ್ಲಿ ಆಶ್ರಯ ಕೇಳುವಾಗ ಮದುವೆಯಾಗಿಲ್ಲ ಎಂದು ನೀವು ಬರೆಸಿದ್ದು ನನಗೆ ಗೊತ್ತು. ಹೋದ ವರ್ಷ ಅಸ್ಮಾರಾದ ಮದುವೆಮನೆಯಲ್ಲಿ ಯಾರದೋ ಫೋನಿನಲ್ಲಿ ನಿಮ್ಮ ಗಂಡುಮಗುವಿನ ನಾಮಕರಣದ ಚಿತ್ರ ನೋಡಿದೆ. ಮಗುವನ್ನು ಎತ್ತಿಕೊಂಡು ನಿಮ್ಮ ಪಕ್ಕ ನಿಂತಿದ್ದ ಆಕೆ ಒಳ್ಳೆಯವಳ ಹಾಗೆ ಕಂಡಳು. ಅತ್ತೆಗೆ ಹೇಳಿಲ್ಲ, ಲುವಾಮಳಿಗೂ ಹೇಳಿಲ್ಲ, ನೀವೇ ಹೇಳಿ. ಅಲ್ಲಿಯ ಕಚೇರಿಯವರು ಕೇಳಿದರೆ ನನ್ನನ್ನು ಸತ್ತಳೆಂದು ಬೇಕಾದರೂ ಬರೆಸಿ, ಅವಳನ್ನು ಮಾತ್ರ ನಿಮ್ಮ ಮಗಳೆಂದೇ ಬರೆಸಿ. ಆಕೆಗೆ ಒಂದು ಮಾತು ತಿಳಿಸಿ: ಹುಡುಗಿ ಬೇಜಾರಾದರೆ ಊಟ ಬಿಡುತ್ತಾಳೆ. ಒಂದು ಸಲ ಕರೆದರೆ ಬರುವುದಿಲ್ಲ, ಎರಡನೆಯ ಸಲ ಕರೆಯಬೇಕು.