ಬೆಚ್ಚಗಿಡು ಅವ್ವ

ಚಿತ್ರದುರ್ಗ
೧೨-೬-೨೦೨೫

ನೂರೀನ್,

ಹೆಸರಿನ ಮುಂದೆ 'ಪ್ರೀತಿಯ' ಎಂದು ಬರೆಯಲು ಹೋಗಿ ಕೈ ಹಿಂದೆಗೆದೆ. ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಪ್ರಯೋಗಾಲಯದಿಂದ ನಿನ್ನನ್ನು ಹೊರಹಾಕಿದ್ದು ಸರಿಯೋ ತಪ್ಪೋ ಎಂದು ನೋಡಲು ಇಪ್ಪತ್ಮೂರಕ್ಕೆ ಸಮಿತಿ ಕೂರುತ್ತದೆ. ನೀನು ಕೇಳಿರುವುದು ಒಂದೇ ಮಾತು: ಅವತ್ತು ನೀನು ಕೋಶಗಳನ್ನು ನನ್ನ ಕೈಗೆ ಕೊಟ್ಟ ಮೇಲೆ ಏನಾಯಿತು?

ಹೇಳುತ್ತೇನೆ. ಮೊದಲು ನಮ್ಮ ಮಾರ್ಗದರ್ಶಕ ಲಕ್ಷ್ಮೀಕಾಂತ್ ಸರ್ ಮೇಲಿನ ಸಿಟ್ಟು ಕಾರಿಕೊಳ್ಳಬೇಕು.

ಹನ್ನೊಂದು ಇಲಿಗಳ ತೊಡೆಮೂಳೆಯ ತುದಿ ಕತ್ತರಿಸಿ, ಸೂಜಿಯಿಂದ ದ್ರವ ಹಾಯಿಸಿ ಮಜ್ಜೆ ತೆಗೆದವಳು ನೀನು. ಅದರಲ್ಲಿ ರಕ್ತ ಹುಟ್ಟಿಸುವ ಕೋಶಗಳನ್ನಷ್ಟೇ ಹೆಕ್ಕಿ ಎರಡು ದಿನ ಕೂಸಿನಂತೆ ಸಾಕಿದವಳು ನೀನು. ಹೊಸ ಜೀನು ಒಳಹೋಗಲೆಂದು ಅವಕ್ಕೆ ಕರೆಂಟ್ ಷಾಕ್ ಕೊಡುವುದಷ್ಟೇ ನನ್ನ ಪಾಲು. ಮಾರನೇ ದಿನ ನೋಡಿದರೆ ಎಲ್ಲವೂ ಸತ್ತಿದ್ದವು. ಕೋಶಗಳಿದ್ದ ತಟ್ಟೆಯ ಮೇಲೆ ನಿನ್ನ ಹೆಸರಿತ್ತು. ರಂಜಾನ್ ತಿಂಗಳು ಬೇರೆ. ಸರ್ ಎಲ್ಲರೆದುರು, "ಬೆಳಗಿಂದ ಹನಿ ನೀರು ಕುಡಿದಿಲ್ಲ ಈಕೆ. ಕೈ ನಡುಗದೆ ಇರ್ತೈತೇನ್ರಿ?" ಅಂದರು. ಎಲ್ಲರೂ ನಕ್ಕರು. ನೀನು ಎರಡೂ ಕೈ ಚಾಚಿ, "ನೋಡ್ರಿ ಸರ್, ಎಲ್ಲಿ ನಡುಗ್ತೈತೆ?" ಎಂದೆ. ಯಾರೂ ನೋಡಲಿಲ್ಲ.

ಇದೇ ಮನುಷ್ಯ ನನಗೆ, "ಕುರಿ ಕಾಯೋರ ಮಗಳು, ಎಲುಬು ಒಡೆಯೋದು ನಿನಗೆ ಕಲಿಸಬೇಕೇನೇ?" ಅಂದಿದ್ದು ನೆನಪಿದೆಯಾ? ಅವತ್ತು ನೀನು ಎದ್ದು ನಿಂತು, "ಸುಮಾನ ಜಾತಿ ಮೈಕ್ರೋಸ್ಕೋಪಿನಾಗೆ ಕಾಣ್ತೈತಾ ಸರ್?" ಎಂದು ಬಾಯಿ ಮುಚ್ಚಿಸಿದ್ದೆ. ನಿನ್ನ ಸರದಿ ಬಂದಾಗ ನಾನು ಕೈಗವಸು ಬಿಚ್ಚುತ್ತಾ ನೆಲ ನೋಡಿದೆ. ಕಾಲೇಜಿನಲ್ಲಿ ಇಬ್ಬರೂ ತಮಟೆ ಬಡಿದು ಸಮಾನತೆಯ ಘೋಷಣೆ ಕೂಗಿದವರು. ನನಗೆ ಅದು ಗಂಟಲಿನಿಂದ ಕೆಳಗೆ ಇಳಿದೇ ಇರಲಿಲ್ಲ.

ಈಗ ಹೊಸದುರ್ಗದಲ್ಲಿ ರಕ್ತ ಪರೀಕ್ಷೆಗೆಂದು ಸಕ್ಕರೆ ಕಾಯಿಲೆಯವರ ಬೆರಳು ಚುಚ್ಚುತ್ತಾ ಕೂತಿದ್ದೀಯಂತೆ. ನಿನ್ನ ಅಮ್ಮ ಮಹಮೂದಾ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, "ಏನ್ ಬೇಟಾ, ನಿನ್ನ ಓದು ಮುಗೀತಾ?" ಎಂದಷ್ಟೇ ಕೇಳಿದರು. ಚಪ್ಪಲಿ ತಗೊಂಡು ಹೊಡೆದಿದ್ದರೆ ಹಗುರವಾಗುತ್ತಿದ್ದೆ.

ಸರ್ ಆಡಿದ ಮಾತನ್ನು ಸಮಿತಿಯ ಮುಂದೆ ಅಕ್ಷರ ಬಿಡದೆ ಹೇಳುತ್ತೇನೆ.

ಇಂತಿ, ಬಾಯಿದ್ದೂ ಮೂಗಿಯಾದ
ತಾಳ್ಯ ಊರಿನ ಸುಮಾ

ತಾ.ಕ.: ನೀನು ಕೇಳಿದ್ದಕ್ಕೆ ಉತ್ತರ ಮೇಲೆ ಬರೆದಿಲ್ಲ. ಮರೆತು ಬಿಟ್ಟಿದ್ದಲ್ಲ, ಬೇಕೆಂದೇ ಬಿಟ್ಟಿದ್ದೆ: ಷಾಕ್ ಕೊಟ್ಟ ತಕ್ಷಣ ಕೋಶಗಳನ್ನು ಬೆಚ್ಚಗಿನ ದ್ರವಕ್ಕೆ ಹಾಕಬೇಕು, ತಡವಾದರೆ ಸಾಯುತ್ತವೆ. ಅದೇ ಹೊತ್ತಿಗೆ ನಮ್ಮವ್ವ ಮಲ್ಲಕ್ಕನ ಫೋನ್ ಬಂತು. ಕುರಿ ಈದಿತ್ತು. "ಮರಿ ತಣ್ಣಗಾಗೈತೆ ಕಣೇ, ಎದ್ದೇಳ್ತಿಲ್ಲ" ಎಂದು ಅಳುತ್ತಿದ್ದಳು. ನಾನು ಹೊರಗೆ ಹೋಗಿ, ಮೈ ಉಜ್ಜು, ಕಂಬಳಿ ಸುತ್ತು, ಒಲೆ ಹತ್ತಿರ ಬೆಚ್ಚಗಿಡು ಅವ್ವ ಎಂದು ಇಪ್ಪತ್ತು ನಿಮಿಷ ಹೇಳುತ್ತಾ ನಿಂತೆ. ಮರಿ ಎದ್ದು ಮೊಲೆ ಕಚ್ಚಿತು. ಒಳಗೆ ಬಂದರೆ ನಿನ್ನ ಕೋಶಗಳು ಮೇಜಿನ ಮೇಲೆ ಹಾಗೇ ತಣ್ಣಗೆ ಬಿದ್ದಿದ್ದವು. ನಿನ್ನ ಹೆಸರಿದ್ದ ತಟ್ಟೆಗೆ ಸುರಿದು, ಮುಚ್ಚಿ, ಮನೆಗೆ ಹೋದೆ. ಈ ಹಾಳೆಯನ್ನು ಸಮಿತಿಗೆ ಕೊಡು. ಅಲ್ಲಿ ನನ್ನ ನಾಲಗೆ ಮತ್ತೆ ಬಿದ್ದುಹೋದರೂ ಕೆಳಗೆ ಸಹಿ ಇರುತ್ತದೆ.

ಸುಮಾ